ಕಂಪನಿ ಫಿಟ್ಟಿಂಗ್

ಹಳೆ ಗಾಡಿ ಮಾರುವವರ ಪದಕೋಶ ತೀರ ಚಿಕ್ಕದು. ಸಿಂಗಲ್ ಓನರ್. ಡಾಕ್ಟರ್ ಓಡಿಸಿದ್ದು. ಮನೆ, ಕ್ಲಿನಿಕ್ ಬಿಟ್ಟರೆ ಬೇರೆ ದಾರಿಯನ್ನೇ ಕಂಡಿದ್ದಲ್ಲ. ಇಷ್ಟು ಹೇಳಿದ ಮೇಲೂ ಕೊಳ್ಳುವವನ ಮುಖ ಅರಳದಿದ್ದರೆ ಬತ್ತಳಿಕೆಯಿಂದ ಕೊನೆಯ ಬಾಣ ಹೊರಬರುತ್ತದೆ: 'ಯಾರೂ ಕೈ ಹಾಕಿಲ್ಲ ಸಾರ್, ಎಲ್ಲಾ ಕಂಪನಿ ಫಿಟ್ಟಿಂಗ್.' ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಬಿಡಿಭಾಗದ ಅಂಗಡಿಗಳ ಮುಂದೆ ಒಂದು ಮಧ್ಯಾಹ್ನ ಓಡಾಡಿದವರಿಗೆ ಈ ಮಾತಿನ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಯಾರೂ ಕೈ ಹಾಕದಿದ್ದರೆ ಇಷ್ಟೊಂದು ಅಂಗಡಿ ಬದುಕುವುದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹಾಸನ ಕಡೆಯ ಇಂಜಿನಿಯರ್ ಒಬ್ಬ ಈ ಮಾತಿನ ಅಮೆರಿಕನ್ ಅವತಾರಕ್ಕೆ ಮರುಳಾದ. ಮಾರಿದ ಮುದುಕ ಹೇಳಿದ್ದು 'ಬಹುಪಾಲು ಸ್ಟಾಕ್' ಎಂದು. ಹಾಸನದವನಿಗೆ ಕೇಳಿಸಿದ್ದು 'ಸ್ಟಾಕ್' ಅಷ್ಟೇ. 'ಬಹುಪಾಲು' ಎಂಬುದು ಗಾಳಿಗೆ ಹೋಯಿತು. ಕಾರು 1990ರ ಮಾಜ್ದಾ ಮಿಯಾಟಾ. ಕೆಂಪು ಬಣ್ಣ, ಬಟ್ಟೆಯ ಮಾಡು, ಕಪ್ಪೆಗಣ್ಣಿನ ಹಾಗೆ ಮೇಲೇಳುವ ದೀಪಗಳು, ಎರಡೇ ಸೀಟು. ನಾಲ್ಕು ಜನರ ಸಂಸಾರಕ್ಕೆ ಎರಡು ಸೀಟಿನ ಕಾರು ತಂದವನ ಬಗ್ಗೆ ಹೆಂಡತಿ ಏನು ಹೇಳಿದಳೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಮುದುಕ ಕೀಲಿಯ ಜೊತೆ ಟೇಪು ಸುತ್ತಿದ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನೂ ಕೊಟ್ಟ. ಅದು ಹಾಗೇ ಗ್ಯಾರೇಜಿನ ಅಟ್ಟ ಸೇರಿತು.

ಮೊದಲ ವಾರ ಪೂಜೆ, ಫೋಟೋ, ಗೆಳೆಯರಿಗೆ ಒಂದೊಂದು ಸುತ್ತು. ಎರಡನೆಯ ವಾರಕ್ಕೆ ಪ್ರಶ್ನೆ ಹುಟ್ಟಿತು. ಇದನ್ನು ಹೀಗೇ ಇಟ್ಟುಕೊಳ್ಳುವುದೋ, ಏನಾದರೂ ಮಾಡಿಸುವುದೋ?

ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಯಾರನ್ನೂ ಈ ಪ್ರಶ್ನೆ ಬಿಟ್ಟಿಲ್ಲ. ಮಿಯಾಟಾ ವಿಷಯದಲ್ಲಂತೂ ಅದು ಇನ್ನೂ ತೀಕ್ಷ್ಣ. ಯಾಕೆಂದರೆ ಈ ಕಾರಿನಲ್ಲಿ ಸುಮ್ಮನೆ ಬಂದು ಕೂತ ವಸ್ತು ಕಡಿಮೆ. 1979ರಲ್ಲಿ ಅಮೆರಿಕದ ಪತ್ರಕರ್ತ ಬಾಬ್ ಹಾಲ್, ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳಂಥ ಅಗ್ಗದ, ಹಗುರ ಕಾರಿನ ಆಸೆ ಹೇಳಿಕೊಂಡರು. ಹತ್ತು ವರ್ಷ ಕಳೆದು, 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಆ ಆಸೆ ಕಾರಾಗಿ ನಿಂತಿತ್ತು. 1.6 ಲೀಟರ್ ಇಂಜಿನ್, 116 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ಯೋಜನೆಯ ಹೊಣೆ ಹೊತ್ತಿದ್ದ ತೋಶಿಹಿಕೊ ಹಿರಾಯ್ ಅವರ ತಂಡ ಹಿಡಿದುಕೊಂಡಿದ್ದ ಜಪಾನಿ ಮಾತು 'ಜಿನ್‌ಬಾ ಇತ್ತಾಯ್'. ಸವಾರ, ಕುದುರೆ ಒಂದೇ ದೇಹವಾಗುವುದು. ಅದಕ್ಕಾಗಿ ಅವರು ಬಾನೆಟ್ಟನ್ನು ಅಲ್ಯೂಮಿನಿಯಂನಲ್ಲಿ ಮಾಡಿದರು. ತೂಕ ಹಿಂದೆ ಮುಂದೆ ಸಮನಾಗಲೆಂದು ಬ್ಯಾಟರಿಯನ್ನು ಡಿಕ್ಕಿಯೊಳಗೆ ಕೂರಿಸಿದರು. ಹದಿನಾಲ್ಕು ಇಂಚಿನ ಚಕ್ರವನ್ನು ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಮಾಡಿದರು. ಸೈಲೆನ್ಸರಿನ ಸದ್ದನ್ನೂ ಬಿಡಲಿಲ್ಲ. ಹಳೆಯ ಬ್ರಿಟಿಷ್ ಕಾರುಗಳ ಗಂಟಲು ಬರಬೇಕೆಂದು, ತಂಬೂರಿ ಶ್ರುತಿ ಮಾಡುವವರ ಹಾಗೆ ಕೂತು ಹದಗೊಳಿಸಿದರು.

ಕೊಂಡವರು ಮೊದಲು ಬಿಚ್ಚಿ ಎಸೆಯುವುದು ಅದೇ ಸೈಲೆನ್ಸರನ್ನು.

ಆಮೇಲೆ ಸ್ಪ್ರಿಂಗು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಾಣುವ ಸಂದು ಕಣ್ಣಿಗೆ ಚುಚ್ಚುತ್ತದೆ, ಕಾರನ್ನು ಎರಡು ಇಂಚು ಇಳಿಸಿದರೆ ಚಂದ. ಚಂದವೇನೋ ಹೌದು. ಆದರೆ ಈ ಕಾರಿನ ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಆಡಲು ಇರುವ ಜಾಗವೇ ಚೂರು. ಅದರಲ್ಲೂ ಎರಡು ಇಂಚು ಕಸಿದುಕೊಂಡರೆ ಪ್ರತಿ ಹಳ್ಳಕ್ಕೂ ಅದು ಒಳಗಿನ ರಬ್ಬರ್ ತಡೆಗೆ ಹೋಗಿ ಗುದ್ದುತ್ತದೆ. ಓಡಿಸುವವ 'ಆಹಾ, ಈಗ ರೇಸ್ ಕಾರಿನ ಹಾಗೆ ಗಟ್ಟಿಯಾಯಿತು' ಅಂದುಕೊಳ್ಳುತ್ತಾನೆ. ಗಟ್ಟಿಯಾದದ್ದು ಸ್ಪ್ರಿಂಗಲ್ಲ, ಅವನ ಸೊಂಟ. ದೊಡ್ಡ ಚಕ್ರದ ಕತೆಯೂ ಇದೇ. ಹದಿನೇಳು ಇಂಚಿನ ಮಿರುಗುವ ಚಕ್ರ ಹಾಕಿದರೆ, ಕಂಪನಿಯವರು ಗ್ರಾಂ ಲೆಕ್ಕದಲ್ಲಿ ಉಳಿಸಿದ್ದನ್ನು ಕಿಲೋ ಲೆಕ್ಕದಲ್ಲಿ ಕಳೆದ ಹಾಗೆ. ಅದೂ ಸ್ಪ್ರಿಂಗಿನ ಕೆಳಗಿನ ತೂಕ, ರಸ್ತೆಯ ಪ್ರತಿ ಉಬ್ಬಿಗೂ ಕುಣಿಯಬೇಕಾದ ತೂಕ.

ಟರ್ಬೊ ಕೂರಿಸುವವರ ಹಾದಿ ಬೇರೆ. ನಮ್ಮಲ್ಲಿ ಕೌಪೀನದ ಸನ್ಯಾಸಿಯ ಕತೆ ಇದೆಯಲ್ಲ. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವಿನ ಮೇವಿಗೆ ಹೊಲ, ಹೊಲ ನೋಡಿಕೊಳ್ಳಲು ಹೆಂಡತಿ. ಟರ್ಬೊ ಬಂದರೆ ಇಂಜಿನ್ ಬಿಸಿ ಏರುತ್ತದೆ, ದೊಡ್ಡ ರೇಡಿಯೇಟರ್ ಬೇಕು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು, ಹೊಸ ಇಂಜೆಕ್ಟರ್ ಬೇಕು. ಅದನ್ನು ಆಳಲು ಹೊಸ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಬೇಕು. ಹಳೆ ಕ್ಲಚ್ ಜಾರುತ್ತದೆ. ಕ್ಲಚ್ ಗಟ್ಟಿ ಮಾಡಿದರೆ ಹಿಂದಿನ ಡಿಫರೆನ್ಷಿಯಲ್ ನರಳುತ್ತದೆ, 1.6 ಲೀಟರ್ ಮಿಯಾಟಾದ ಡಿಫರೆನ್ಷಿಯಲ್ ಸಣ್ಣದು, ಅದಕ್ಕೆ ಆ ಪೆಟ್ಟು ತಡೆಯುವ ಜೀವವಿಲ್ಲ ಎಂಬುದು ಈ ಕಾರಿನ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಕೊನೆಗೆ ಸನ್ಯಾಸಿಗೆ ಸಂಸಾರವೇ ಉಳಿಯಿತು, ತಪಸ್ಸು ಹೋಯಿತು. ಕೊಲರಾಡೋದಲ್ಲಿ ಮಿಯಾಟಾಗಳಿಗೆ ವಿ8 ಇಂಜಿನ್ ಕೂರಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಅಂಗಡಿಯೂ ಇತ್ತು. ಅಲ್ಲಿಂದ ಹೊರಬಂದ ಕಾರುಗಳನ್ನು ಓಡಿಸಿದವರು ಮುಖದ ತುಂಬ ನಗುತ್ತ ಇಳಿಯುತ್ತಿದ್ದರಂತೆ. ಸನ್ಯಾಸಿಯೂ ಸುಖವಾಗಿರಲಿಲ್ಲ ಎಂದು ಕತೆಯಲ್ಲಿ ಎಲ್ಲೂ ಬರುವುದಿಲ್ಲ, ಅದು ಬೇರೆ ಮಾತು.

ಆ ಹೊತ್ತಿಗೆ ಹಾಸನದಿಂದ ಅಮ್ಮ ಬಂದಿದ್ದರು. ಹಳೇ ಕಾಲದ ಹೊಲಿಗೆ ಮೆಷಿನ್ನಿನಲ್ಲಿ ಮೂವತ್ತು ವರ್ಷ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದವರು. ಮಗ ಕಂಪ್ಯೂಟರ್ ಮುಂದೆ ಸ್ಪ್ರಿಂಗಿನ ಚಿತ್ರ ನೋಡುತ್ತ ಕೂತಿದ್ದನ್ನು ಕಂಡು ವಿಷಯ ಕೇಳಿದರು. ಅವನು ಹೇಳಿದ. ಅವರು ಕೇಳಿದ್ದು ಒಂದೇ: 'ಆಲ್ಟ್ರೇಷನ್ ಮಾಡ್ಸೋಕೆ ಒಳಗೆ ಬಟ್ಟೆ ಬಿಟ್ಟಿದಾರೇನೋ?'

ಅಮ್ಮನಿಗೆ ಗೊತ್ತಿಲ್ಲದೆ ಅದು ಈ ವಿಷಯದ ನಡುಮರ್ಮಕ್ಕೇ ತಗುಲುವ ಪ್ರಶ್ನೆ. ಬೆಳೆಯುವ ಹುಡುಗಿಯ ಯೂನಿಫಾರಂ ಹೊಲಿಯುವ ದರ್ಜಿ ಎರಡೂ ಪಕ್ಕೆಯಲ್ಲಿ ಬಟ್ಟೆ ಮಡಿಸಿ ಬಿಟ್ಟಿರುತ್ತಾನೆ. ವರ್ಷ ಕಳೆದರೆ ಹೊಲಿಗೆ ಬಿಚ್ಚಿ ಬಿಟ್ಟರಾಯಿತು. ಕೆಲವು ಕಾರುಗಳನ್ನು ಹೀಗೆಯೇ ಹೊಲಿದಿದ್ದಾರೆ. 1989ರ ಹೊತ್ತಿಗೆ ಜಪಾನಿನ ತಯಾರಕರು ತಮ್ಮೊಳಗೇ ಒಂದು ಒಪ್ಪಂದಕ್ಕೆ ಬಂದಿದ್ದರು. ತಮ್ಮ ನಾಡಿನಲ್ಲಿ ಮಾರುವ ಯಾವ ಕಾರಿನ ಶಕ್ತಿಯನ್ನೂ 280 ಅಶ್ವಶಕ್ತಿಗಿಂತ ಹೆಚ್ಚು ತೋರಿಸುವುದಿಲ್ಲ ಎಂದು. ಅದು 2004ರವರೆಗೂ ನಡೆಯಿತು. ಅದೇ ಕಾಲದಲ್ಲಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೊಟಾ ಸೂಪ್ರಾದಂಥ ಕಾರುಗಳ ಇಂಜಿನ್ನುಗಳನ್ನು ಎಂಥ ಗಟ್ಟಿ ಕಬ್ಬಿಣದಲ್ಲಿ ಎರಕ ಹೊಯ್ದಿದ್ದರೆಂದರೆ, ಬಾನೆಟ್ ಎತ್ತಿದ ಟ್ಯೂನರುಗಳಿಗೆ ಮಡಿಕೆಯೊಳಗೆ ಇನ್ನೊಂದು ಅಂಗಿಗಾಗುವಷ್ಟು ಬಟ್ಟೆ ಸಿಕ್ಕಿತು. ಸೂಪ್ರಾದ ಮೂರು ಲೀಟರ್ ಟೂ-ಜೆಝೆಡ್ ಇಂಜಿನ್ನಿಗೆ ದೊಡ್ಡ ಟರ್ಬೊ ಹಾಕಿ ಶಕ್ತಿಯನ್ನು ಇಮ್ಮಡಿಸುವುದು ಟ್ಯೂನರುಗಳ ವಲಯದಲ್ಲಿ ದಿನನಿತ್ಯದ ಕೆಲಸವಾಗಿಬಿಟ್ಟಿತು.

ಮಿಯಾಟಾ ಆ ಜಾತಿಯದ್ದಲ್ಲ. ಅದು ಮೈಗೆ ಸರಿಯಾಗಿ ಕೂರುವಂತೆ ಕತ್ತರಿಸಿ ಹೊಲಿದ ರವಿಕೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸುಕ್ಕು.

ಹಾಗೆಂದು 'ಒರಿಜಿನಲ್' ಪಕ್ಷದವರು ಬೀಗುವಂತೆಯೂ ಇಲ್ಲ. ಇಂದು ಅವರು ಒಂದು ಬೋಲ್ಟೂ ಬದಲಾಗದಂತೆ ಕಾಪಾಡುವ ಕಾರುಗಳಲ್ಲಿ ಎಷ್ಟೋ ಒಂದು ಕಾಲದಲ್ಲಿ ಯಾರೋ ಗ್ಯಾರೇಜಿನಲ್ಲಿ ಕೆಡಿಸಿದ ಕಾರುಗಳೇ. ಇಂಗ್ಲೆಂಡಿನ ಎಸಿ ಏಸ್ ಎಂಬ ಸಾಧು ಕಾರಿಗೆ ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಫೋರ್ಡಿನ ವಿ8 ಇಂಜಿನ್ ತುರುಕಿದರು, ಅದು ಕೋಬ್ರಾ ಆಯಿತು. ಮಿನಿ ಕಾರು ಬಡವರ ಬಂಧುವಾಗಿ ಹುಟ್ಟಿದ್ದು, ಅದರ ಕಾಲಿಗೆ ಗೆಜ್ಜೆ ಕಟ್ಟಿದವರು ಜಾನ್ ಕೂಪರ್. 1961ರಲ್ಲಿ ಬಂದ ಮಿನಿ ಕೂಪರ್ ಮೂರೇ ವರ್ಷದಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ಮರ್ಸಿಡಿಸ್ ಕಾರುಗಳ ಬೆನ್ನಮೇಲೆ ಇಂದು ಹೆಮ್ಮೆಯಿಂದ ಕೂತಿರುವ 'ಎಎಂಜಿ'ಯ ಮೂಲವೂ ಇಬ್ಬರು ಇಂಜಿನಿಯರುಗಳ ಅಂಗಡಿಯೇ. ಆಫ್ರೆಕ್ಟ್ ಮತ್ತು ಮೆಲ್ಷರ್ 1967ರಲ್ಲಿ ಅದನ್ನು ತೆರೆದರು. 1971ರ ಸ್ಪಾ 24 ಗಂಟೆ ರೇಸಿಗೆ ಅವರು ತಂದ ಕೆಂಪು ಮರ್ಸಿಡಿಸ್ ಸಲೂನ್ ಕಾರನ್ನು ಕಂಡು ಮೊದಲು ನಕ್ಕವರಿರಬಹುದು, ಮದುವೆ ಮೆರವಣಿಗೆಯ ಕಾರು ರೇಸಿಗೆ ಬಂದ ಹಾಗಿತ್ತು. ಅದು ಒಟ್ಟಾರೆ ಎರಡನೆಯದಾಗಿ ಗುರಿ ಮುಟ್ಟಿತು. ಕೆಲವು ದಶಕಗಳ ನಂತರ ಕಂಪನಿಯೇ ಆ ಅಂಗಡಿಯನ್ನು ಕೊಂಡುಕೊಂಡಿತು. ಅಂದರೆ ಹೊರಗಿನವರ ಕೈಚಳಕವೇ ಈಗ ಕಂಪನಿ ಫಿಟ್ಟಿಂಗ್.

ಫೆರಾರಿ ಕಂಪನಿಯ ಮೂಗಿನ ತುದಿಯ ಕೋಪವಂತೂ ಲೋಕಪ್ರಸಿದ್ಧ. ಕಂಪನಿಯಿಂದ ಮುನಿಸಿಕೊಂಡು ಹೋದ ಇಂಜಿನಿಯರುಗಳಿಗೆ ಕೌಂಟ್ ವೋಲ್ಪಿ ಆಶ್ರಯ ಕೊಟ್ಟರೆಂದು ಎಂಝೊ ಫೆರಾರಿ ವೋಲ್ಪಿಗೆ 250 ಜಿಟಿಒ ಕಾರು ಮಾರಲಿಲ್ಲ. ವೋಲ್ಪಿ ತಮ್ಮಲ್ಲಿದ್ದ ಹಳೆಯ ಫೆರಾರಿಯನ್ನೇ ಆ ಇಂಜಿನಿಯರುಗಳಲ್ಲಿ ಒಬ್ಬರಾದ ಬಿಝಾರಿನಿಯ ಕೈಗೆ ಕೊಟ್ಟರು. ಹಿಂಭಾಗ ಬೇಕರಿ ವ್ಯಾನಿನಂತೆ ಕತ್ತರಿಸಿ ನಿಲ್ಲಿಸಿದ ಆ ಕಾರಿಗೆ 'ಬ್ರೆಡ್‌ವ್ಯಾನ್' ಎಂದೇ ಹೆಸರಾಯಿತು. 1962ರ ಲೆ ಮಾನ್ಸ್‌ನಲ್ಲಿ ಮೊದಲ ಕೆಲವು ಗಂಟೆ ಅದು ಜಿಟಿಒಗಳನ್ನೇ ಹಿಂದೆ ಹಾಕಿತ್ತು, ಆಮೇಲೆ ಡ್ರೈವ್‌ಶಾಫ್ಟ್ ಕೈಕೊಟ್ಟಿತು. ಅರ್ಧ ಶತಮಾನ ಕಳೆದರೂ ಕಂಪನಿಯ ಸ್ವಭಾವ ಹಾಗೇ ಇತ್ತು. 2014ರಲ್ಲಿ ಕೆನಡಾದ ಸಂಗೀತಗಾರ ಡೆಡ್‌ಮೌಸ್ ತಮ್ಮ ಫೆರಾರಿಗೆ ಕಾಮನಬಿಲ್ಲು ಬಿಡುತ್ತ ಹಾರುವ ಬೆಕ್ಕಿನ ಚಿತ್ರ ಸುತ್ತಿ, ಲಾಂಛನ ಬದಲಿಸಿ, 'ಪರ್ರಾರಿ' ಎಂದು ಕರೆದರು. ಕಂಪನಿಯ ಪತ್ರ ಬಂತು. ದುಡ್ಡು ಕೊಟ್ಟು ತಂದ ಮೇಲೂ ಕಾರು ಅರ್ಧ ತವರಿನದೇ!

ಈ ಲೋಕದಲ್ಲಿ ಹಾಸನದವನನ್ನು ಹೆಚ್ಚು ಕಾಡಿದವರು ಅಕಿರಾ ನಕಾಯ್. ಜಪಾನಿನ ಚಿಬಾ ಪ್ರಾಂತದ ಇವರು ಪೋರ್ಷೆ 911 ಕಾರುಗಳಿಗೆ ಅಗಲವಾದ ರೆಕ್ಕೆ ಕಟ್ಟುತ್ತಾರೆ. ಗಿರಾಕಿ ಯಾವ ದೇಶದಲ್ಲಿದ್ದರೂ ತಾವೇ ಹೋಗಿ, ಗರಗಸ ಹಿಡಿದು, ಮಡ್‌ಗಾರ್ಡಿನ ತಗಡನ್ನು ಕೈಯಿಂದಲೇ ಕೊಯ್ಯುತ್ತಾರೆ. ಕೊನೆಗೆ ಕಾರಿಗೆ ನಾಮಕರಣವೂ ಆಗುತ್ತದೆ. ಆ ವಿಡಿಯೋಗಳಲ್ಲಿ ಗರಗಸ ತಗಡು ಮುಟ್ಟುವ ಕ್ಷಣದಲ್ಲಿ ಒರಿಜಿನಲ್ ಪಕ್ಷದವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರ ಭಯ ನ್ಯಾಯವಾದದ್ದೇ. ಬೋಲ್ಟು ಬಿಚ್ಚಿ ಹಾಕಿದ್ದನ್ನು ಮತ್ತೆ ಬಿಚ್ಚಬಹುದು, ಕೊಯ್ದ ತಗಡು ಕೂಡುವುದಿಲ್ಲ. ದರ್ಜಿಗೂ ಇದೇ ಲೆಕ್ಕ. ಹೊಲಿಗೆ ಬಿಚ್ಚುವಾಗ ಅವನು ಹಾಡು ಗುನುಗುತ್ತಾನೆ, ಕತ್ತರಿ ಹಿಡಿದಾಗ ಸುಮ್ಮನಾಗುತ್ತಾನೆ.

ಬೆಲೆಯ ಲೆಕ್ಕಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. 2018ರಲ್ಲಿ ಅಮೆರಿಕದ ಹರಾಜಿನಲ್ಲಿ 1997ರ ಅಕ್ಯೂರಾ ಇಂಟೆಗ್ರಾ ಟೈಪ್ ಆರ್ ಒಂದು 63,800 ಡಾಲರಿಗೆ ಹೋಯಿತು, ಹೊಸದಾಗಿದ್ದಾಗಿನ ಬೆಲೆಯ ಎರಡು ಪಟ್ಟಿಗೂ ಹೆಚ್ಚು. ಅದರ ಹೆಚ್ಚುಗಾರಿಕೆ ಏನೆಂದರೆ ಯಾರೂ ಏನೂ ಮಾಡಿರಲಿಲ್ಲ, ಹೆಚ್ಚು ಓಡಿಸಿಯೂ ಇರಲಿಲ್ಲ. ಅದರ ಒಡಹುಟ್ಟುಗಳಲ್ಲಿ ಎಷ್ಟೋ ಕಳ್ಳರ ಪಾಲಾಗಿ, ಇಂಜಿನ್ ಬೇರೆ ಕಾರಿನ ಹೊಟ್ಟೆ ಸೇರಿತ್ತು. ಉಳಿದವು ಯುವಕರ ಕೈಗೆ ಸಿಕ್ಕಿ ಬಣ್ಣ, ಬಾಲ, ಸದ್ದು ಬದಲಿಸಿಕೊಂಡಿದ್ದವು. ಸ್ಟಾಕ್ ಕಾರಿಗೆ ಬೆಲೆ ತಂದುಕೊಟ್ಟವರೇ ಮಾಡಿಫೈ ಮಾಡಿಸಿದವರು. ಇದರ ಎದುರಿಗೆ ಇನ್ನೊಂದು ಹರಾಜು. 2001ರ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಸಿನಿಮಾದಲ್ಲಿ ಪಾಲ್ ವಾಕರ್ ಓಡಿಸಿದ ಕಿತ್ತಳೆ ಬಣ್ಣದ ಸೂಪ್ರಾ, ಮೈತುಂಬ ಚಿತ್ರ ಅಂಟಿಸಿಕೊಂಡು, ಬೆನ್ನಿಗೆ ದೊಡ್ಡ ರೆಕ್ಕೆ ಹೊತ್ತು, 2021ರಲ್ಲಿ 5,50,000 ಡಾಲರಿಗೆ ಮಾರಾಟವಾಯಿತು. ಆ ಸಿನಿಮಾ ನೋಡಿ ತಮ್ಮ ಸೂಪ್ರಾಗೂ ಹಾಗೇ ರೆಕ್ಕೆ ಹಾಕಿಸಿದ ಸಾಮಾನ್ಯರಿಗೆ ಆ ಬೆಲೆ ಸಿಗುವುದಿಲ್ಲ. ಹೀರೋ ಉಟ್ಟ ಪಂಚೆಗೂ ಅಂಗಡಿಯ ಪಂಚೆಗೂ ಇರುವ ವ್ಯತ್ಯಾಸ ಅದು.

ಕಾನೂನಿನದು ಚಿಕ್ಕ ಅಧ್ಯಾಯ. ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚಿನ ಪೆಟ್ರೋಲ್ ಕಾರುಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ದಾಟಬೇಕು. ಇಂಜಿನ್ ಸುತ್ತ ಹೊರಗಿನ ಭಾಗ ಕೂರಿಸಿದ್ದರೆ ಅದಕ್ಕೆ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. ಕ್ಯಾಟಲಿಟಿಕ್ ಕನ್ವರ್ಟರಿನಿಂದ ಹಿಂದಕ್ಕೆ, ಅಂದರೆ ಸೈಲೆನ್ಸರಿಗೆ, ಆ ತಕರಾರಿಲ್ಲ; ಸದ್ದು 95 ಡೆಸಿಬಲ್ ಮೀರದಿದ್ದರೆ ಸಾಕು. ಭಾರತದಲ್ಲಿ ಇಷ್ಟು ಸಡಿಲವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕ ನಮೂದಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಇಟ್ಟಿತು, ಆರು ತಿಂಗಳ ಸಜೆಯ ದಾರಿಯನ್ನೂ ತೆರೆಯಿತು. ನಮ್ಮ ರಾಜ್ಯದ ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ರಸ್ತೆಗೆ ಹಾಸಿ ರೋಡ್ ರೋಲರ್ ಹತ್ತಿಸುವ ಚಿತ್ರ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಹಪ್ಪಳವಾಗುವ ಆ ಸೈಲೆನ್ಸರುಗಳ ಜಾಗದಲ್ಲಿ ಮೊದಲಿದ್ದ ಕಂಪನಿಯವು ಎಲ್ಲಿವೆ? ಹೆಚ್ಚಿನವು ಗುಜರಿಯಲ್ಲಿ. ಆರ್‌ಎಕ್ಸ್ 100 ಬೈಕಿನ ಹುಚ್ಚು ಹಿಡಿದವರು ಇಂದು ಅಂಥ ಗುಜರಿಗಳನ್ನೇ ಸೋಸುತ್ತಿದ್ದಾರೆ, ಮೂವತ್ತು ವರ್ಷದ ಹಿಂದೆ ಅವರಪ್ಪಂದಿರು ತೂಕಕ್ಕೆ ಹಾಕಿದ್ದನ್ನು ಹುಡುಕಿಕೊಂಡು.

ಹಾಸನದವನ ಚಡಪಡಿಕೆಗೆ ಮದ್ದು ಕೊಟ್ಟವನು ಸಾಂತಾ ಕ್ಲಾರಾ ಕಡೆಯ ಒಬ್ಬ ಮೆಕ್ಸಿಕನ್ ಮೆಕ್ಯಾನಿಕ್. ಕಾರು ತಿರುವಿನಲ್ಲಿ ತೇಲಿದ ಹಾಗಾಗುತ್ತದೆ, ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು ಎಂದು ಹೋದವನಿಗೆ ಆತ ಕಾರನ್ನು ಲಿಫ್ಟಿಗೆ ಏರಿಸಿ, ಸಸ್ಪೆನ್ಷನ್ನಿನ ಒಂದು ಬುಷ್ಷಿಗೆ ಬೆರಳು ಒತ್ತಿ ತೋರಿಸಿದ. ರಬ್ಬರು ಒಣಗಿದ ಕೊಬ್ಬರಿಯ ಹಾಗೆ ಬಿರಿದಿತ್ತು. ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆಯ ಹೆಸರಿರಲಿಲ್ಲ. ಟಯರಿಗೆ ಮೇಲುನೋಟಕ್ಕೆ ಗೀರುಗಳಿದ್ದವು, ವಯಸ್ಸು ಹನ್ನೊಂದು. 'ನೀನು ಬದಲಿಸಬೇಕು ಅಂತಿರೋ ಕಾರು ಇದಲ್ಲವೇ ಅಲ್ಲ' ಎಂಬರ್ಥದ ಮಾತನ್ನು ಆತ ಹರುಕು ಇಂಗ್ಲಿಷಿನಲ್ಲಿ ಹೇಳಿದ.

ಈ ಇಡೀ ಜಗಳದಲ್ಲಿ ಎರಡೂ ಪಕ್ಷದವರು ಮರೆಯುವ ಸಂಗತಿ ಅದೇ. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಸ್ಟಾಕ್ ಎಂಬುದು ಇರುವುದೇ ಇಲ್ಲ. ಬಿಸಿಲು, ಮಳೆ, ಉಪ್ಪು, ಹಳ್ಳ, ಅಗ್ಗದ ಟಯರು ಸೇರಿ ಅದನ್ನು ಯಾರ ಅನುಮತಿಯೂ ಇಲ್ಲದೆ ಮಾಡಿಫೈ ಮಾಡಿರುತ್ತವೆ. ಎಷ್ಟೋ ಜನ ಸ್ಪ್ರಿಂಗ್ ಬದಲಿಸಿ 'ಎಂಥ ವ್ಯತ್ಯಾಸ!' ಎಂದು ಉದ್ಗರಿಸುವುದು ಸ್ಪ್ರಿಂಗಿನಿಂದಲ್ಲ, ಅದರ ಜೊತೆ ಬಂದ ಹೊಸ ಬುಷ್ಷಿನಿಂದ. ಮಾಜ್ದಾ ಕಂಪನಿಗೂ ಇದು ಹೊಳೆದಿರಬೇಕು. 2017ರಲ್ಲಿ ಅದು ಮೊದಲ ತಲೆಮಾರಿನ ಕಾರುಗಳನ್ನು ತಾನೇ ಹಳೆಯ ರೂಪಕ್ಕೆ ತರುವ ಯೋಜನೆಯನ್ನು ಜಪಾನಿನಲ್ಲಿ ಘೋಷಿಸಿತು. ಬಟ್ಟೆಯ ಮಾಡು, ನಾರ್ಡಿ ಕಂಪನಿಯ ಮರದ ಸ್ಟಿಯರಿಂಗ್ ಚಕ್ರ ಮತ್ತೆ ತಯಾರಾದವು. ಬ್ರಿಜ್‌ಸ್ಟೋನ್ ಕಂಪನಿ 185/60 ಅಳತೆಯ ಆ ಕಾಲದ ಎಸ್‌ಎಫ್-325 ಟಯರನ್ನೇ ಮರಳಿ ಹೊಯ್ದುಕೊಟ್ಟಿತು. ಕಾರು ಕಂಪನಿಯೊಂದು ತನ್ನ ಹಳೆಯ ಟಯರಿನ ಗೀರು ವಿನ್ಯಾಸಕ್ಕೂ ಇಷ್ಟು ಮರ್ಯಾದೆ ಕೊಟ್ಟದ್ದು ಅಪರೂಪ. ಕೊಳ್ಳುವವರಿಗೆ ಹೊಸ ಮಾದರಿ ಮಾರುವುದೇ ಅದರ ದಂಧೆಯಲ್ಲವೇ.

ಹಾಸನದವನು ಬುಷ್, ಶಾಕ್, ಟಯರು, ಬ್ರೇಕ್ ಎಣ್ಣೆ ಎಲ್ಲ ಹೊಸದು ಹಾಕಿಸಿದ, ಎಲ್ಲವೂ ಕಂಪನಿ ಅಳತೆಯವು. ಅಲೈನ್‌ಮೆಂಟ್ ಮಾಡಿಸಿದ. ಮರುದಿನ ಬೆಳಿಗ್ಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟದ ದಾರಿಯಲ್ಲಿ ಹಾಫ್ ಮೂನ್ ಬೇ ಕಡೆ ಹೋದ. ಅಮ್ಮ ಸೆರಗನ್ನು ತಲೆಗೆ ಬಿಗಿದುಕೊಂಡು, ಒಂದು ಕೈಯಲ್ಲಿ ಬಾಗಿಲು ಹಿಡಿದು ಕೂತಿದ್ದರು. ಕಾರು ತಿರುವುಗಳಲ್ಲಿ ಬಾಗುತ್ತಿತ್ತು, ಆದರೆ ತೇಲುತ್ತಿರಲಿಲ್ಲ. ಬಾಗುವುದು ಅದರ ಹುಟ್ಟುಗುಣ. ಚಾಲಕನಿಗೆ ಟಯರಿನ ಸುದ್ದಿ ಮುಟ್ಟಿಸುವುದೇ ಆ ಬಾಗುವಿಕೆ. ಸ್ಪ್ರಿಂಗಿನ ಚಿತ್ರಗಳು ಕಂಪ್ಯೂಟರಿನಿಂದ ಮಾಯವಾದವು.

ವರ್ಷವಿಡೀ ಅವನು ಗೆಳೆಯರ ಮುಂದೆ ಪ್ರವಚನ ಮಾಡಿದ. ಯುಗಾದಿಗೆ ಕನ್ನಡ ಕೂಟದಲ್ಲಿ ಸಿಕ್ಕವರನ್ನೂ ಬಿಡಲಿಲ್ಲ. ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ, ಇಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳಿ ಎನ್ನುತ್ತಿದ್ದ. 'ಈ ಗಂಟಲಿಗೋಸ್ಕರ ಜಪಾನಿನವರು ಎಷ್ಟು ಒದ್ದಾಡಿದಾರೆ ಗೊತ್ತಾ? ಇಂಥದ್ದನ್ನ ಬಿಚ್ಚಿ ಎಸೀತಾರಲ್ರೀ ಜನ!' ಹೋಳಿಗೆ ತಟ್ಟೆ ಹಿಡಿದ ಹಿರಿಯರು ಭಕ್ತಿಯಿಂದ ತಲೆಯಾಡಿಸುತ್ತಿದ್ದರು. ಗಂಟಲು ನಿಜಕ್ಕೂ ಚೆನ್ನಾಗಿತ್ತು. ತುಸು ಒರಟು, ಏರುವಾಗ ಬೆಚ್ಚಗೆ.

ಅಮ್ಮ ಎರಡನೆಯ ಸಲ ಬಂದಾಗ ತಂದ ಉಪ್ಪಿನಕಾಯಿ ಜಾಡಿಗಳಿಗೆ ಜಾಗ ಸಾಲದೆ ಗ್ಯಾರೇಜಿನ ಅಟ್ಟ ಖಾಲಿ ಮಾಡಬೇಕಾಯಿತು. ಮುದುಕ ಕೊಟ್ಟ ಪೆಟ್ಟಿಗೆ ಕೆಳಗಿಳಿಯಿತು. ಟೇಪು ಕೊಯ್ದರೆ ಒಳಗೆ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಗಳು, ಹಾಳೆಗಳ ಕೆಳಗೆ ತುಕ್ಕಿನ ಪುಡಿ, ಅದರ ನಡುವೆ ಮಾಜ್ದಾ ಎಂದು ಅಚ್ಚೊತ್ತಿದ ಒಂದು ಉದ್ದನೆಯ ಉಕ್ಕಿನ ಡಬ್ಬಿ.

'ಇದೇನೋ ಇದು, ಹಂಡೆ ಹಂಗೈತೆ?' ಅಮ್ಮ ಕೇಳಿದರು.

'ಸೈಲೆನ್ಸರಮ್ಮ. ಈ ಕಾರಿಂದೇ. ಕಂಪನೀದು.'

'ಮತ್ತೆ ಕಾರಿಗೆ ಹಾಕಿರೋದು ಯಾರ್ದು?'

ಅವನು ಉತ್ತರ ಕೊಡದೆ ಕಾರಿನ ಹಿಂದೆ ಹೋಗಿ ಮಂಡಿಯೂರಿ ಕೂತು, ಫೋನಿನ ಬೆಳಕು ಬಿಟ್ಟು ಬಗ್ಗಿ ನೋಡತೊಡಗಿದ. ಸೈಲೆನ್ಸರಿನ ಹೊಟ್ಟೆಯ ಮೇಲೆ ಯಾವುದೋ ಹೆಸರಿನ ಮೂರಕ್ಷರ ತುಕ್ಕು ತಿಂದು ಉಳಿದಿತ್ತು.